ಬ್ರೌಸರ್ ತೆರೆದರೆ ಕಂಪ್ಯೂಟರ್ ಆಫ್: ತಂತ್ರಜ್ಞರ ಜೊತೆ ಪ್ರಶ್ನೋತ್ತರ

ಮಳೆಹನಿ: ಸರ್, ನಮ್ಮ ಮನೆಯ ಡೆಸ್ಕ್‌ಟಾಪ್ ಎಂಟು ವರ್ಷ ಹಳೆಯದು. ಟೈಪಿಂಗ್ ಮಾಡಿದರೆ, ಡಿಸ್ಕ್‌ನಲ್ಲಿರುವ ಸಿನಿಮಾ ಪೂರ್ತಿ ನೋಡಿದರೆ ಏನೂ ಆಗುವುದಿಲ್ಲ. ಬ್ರೌಸರ್‌ನಲ್ಲಿ ನಾಲ್ಕೈದು ಟ್ಯಾಬ್ ತೆರೆದರೆ ಸಾಕು, ಆಫ್. ಮಗಳ ಪರೀಕ್ಷೆಯ ತಯಾರಿ ಇದರಲ್ಲೇ ನಡೆಯುತ್ತಿದೆ. ಆಂಟಿವೈರಸ್ ಎರಡು ಸಲ ಓಡಿಸಿದೆ. ವಿಂಡೋಸ್ 10 ಹೊಸದಾಗಿ ಹಾಕಿದೆ. ಏನೂ ಬದಲಾಗಲಿಲ್ಲ.

ತಂತ್ರಜ್ಞ: ಆಫ್ ಆಗುವುದು ಹೇಗೆ? ನೀಲಿ ಪರದೆ ಬರುತ್ತದೆಯೇ, ಪರದೆ ಇದ್ದ ಹಾಗೇ ನಿಂತುಬಿಡುತ್ತದೆಯೇ, ಇಲ್ಲ ಕರೆಂಟ್ ಹೋದಂತೆ ಒಮ್ಮೆಲೇ ಕಪ್ಪಾಗುತ್ತದೆಯೇ? ಮೂರೂ ಬೇರೆ ಬೇರೆ ಕಾಯಿಲೆ. ಈವೆಂಟ್ ವ್ಯೂವರ್ ತೆರೆದು, ಸಿಸ್ಟಮ್ ಲಾಗ್‌ನಲ್ಲಿ ಆ ಹೊತ್ತಿಗೆ ಏನು ದಾಖಲಾಗಿದೆ ನೋಡಿ ಹೇಳಿ.

ಕೀಲಿಮಣೆ: ನನಗೂ ಇದೇ ತೊಂದರೆ ಸರ್. ಬ್ರೌಸರ್ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಕಂಪ್ಯೂಟರ್ ಮಾತ್ರ ನಡೆಯುತ್ತಲೇ ಇರುತ್ತದೆ.

ತಂತ್ರಜ್ಞ: ಹಾಗಾದರೆ ಇದೇ ತೊಂದರೆ ಅಲ್ಲ. ಎಕ್ಸ್‌ಟೆನ್ಷನ್, ಅಂದರೆ ಬ್ರೌಸರ್‌ಗೆ ಸೇರಿಸಿಕೊಂಡ ಪುಟ್ಟ ಪ್ರೋಗ್ರಾಂಗಳನ್ನೆಲ್ಲ ಆಫ್ ಮಾಡಿ, ಒಂದೊಂದಾಗಿ ಆನ್ ಮಾಡುತ್ತಾ ಬನ್ನಿ. ಆಗಲೂ ಮುಚ್ಚಿಕೊಂಡರೆ ಬ್ರೌಸರ್ ಸೆಟ್ಟಿಂಗ್ಸ್‌ನಲ್ಲಿ ಹಾರ್ಡ್‌ವೇರ್ ಆಕ್ಸಲರೇಶನ್, ಅಂದರೆ ಬ್ರೌಸರ್ ತನ್ನ ಕೆಲಸವನ್ನು ಗ್ರಾಫಿಕ್ಸ್ ಚಿಪ್‌ಗೆ ವಹಿಸುವ ಸೌಲಭ್ಯ, ಅದನ್ನು ಆಫ್ ಮಾಡಿ ನೋಡಿ. ಅದರಿಂದ ನಿಂತರೆ ಗ್ರಾಫಿಕ್ಸ್ ಡ್ರೈವರ್ ಮೇಲೆ ಅನುಮಾನ. ಹೊಸ ಡ್ರೈವರ್ ಹಾಕಿ.

ರಾತ್ರಿಗೂಬೆ: ನನಗೆ ಬಂದ ಮೆಸೇಜ್ ಹಾಕುತ್ತಿದ್ದೇನೆ. "ಕಂಪ್ಯೂಟರ್ ಕೈಕೊಟ್ಟರೆ ರನ್‌ನಲ್ಲಿ ಟ್ರೀ ಎಂದು ಟೈಪ್ ಮಾಡಿ, ಕಸವೆಲ್ಲ ಹೋಗುತ್ತದೆ. ಆಮೇಲೆ ಸಿಸ್ಟಮ್32 ಫೋಲ್ಡರ್‌ನ ಹಳೆಯ ಫೈಲ್ ಅಳಿಸಿ. ಎಲ್ಲರಿಗೂ ಕಳಿಸಿ."

ತಂತ್ರಜ್ಞ: ಯಾರೂ ಇದನ್ನು ಮಾಡಬೇಡಿ. ಟ್ರೀ ಆಜ್ಞೆ ಫೋಲ್ಡರ್‌ಗಳ ಪಟ್ಟಿ ತೋರಿಸುತ್ತದೆ, ಅಷ್ಟೇ. ಒಂದು ಫೈಲನ್ನೂ ಅಳಿಸುವುದಿಲ್ಲ. ವಿಂಡೋಸ್ ಶುರುವಾಗಲು ಬೇಕಾದ ಫೈಲ್‌ಗಳು ಇರುವುದೇ ಸಿಸ್ಟಮ್32ನಲ್ಲಿ. ಅಲ್ಲಿ ಕೈ ಹಾಕಿದರೆ ಇರುವ ಕಂಪ್ಯೂಟರ್ ಕೂಡ ಏಳುವುದಿಲ್ಲ.

ಹಸಿರುಪೆನ್ನು: ಬ್ರೌಸ್ ಮಾಡುವಾಗ ಪರದೆ ತುಂಬ ಎಚ್ಚರಿಕೆ ಬಂದು ಕಿರುಚುತ್ತದೆ. ಒಂದು ನಂಬರ್‌ಗೆ ಕರೆ ಮಾಡಿ ಎನ್ನುತ್ತದೆ. ಮಾಡಬಹುದಾ?

ತಂತ್ರಜ್ಞ: ಮಾಡಬೇಡಿ. ಅದು ಮೋಸದ ಪುಟ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್‌ನಿಂದ ಬ್ರೌಸರ್ ಮುಚ್ಚಿ. ಮತ್ತೆ ತೆರೆದಾಗ ಹಳೆಯ ಟ್ಯಾಬ್ ಮರಳಿ ತರಬೇಡಿ.

ಹಳೇಮನೆ: ವಿಂಡೋಸ್ 7 ಇದೆ. ಕ್ರೋಮ್ ಪುಟ ಅರ್ಧಕ್ಕೇ ನಿಲ್ಲುತ್ತದೆ.

ತಂತ್ರಜ್ಞ: ಅದಕ್ಕೆ ಕ್ರೋಮ್ 109 ಕೊನೆಯದು. 2023ರಿಂದ ಹೊಸದು ಬಂದಿಲ್ಲ. ಸಿಸ್ಟಮ್ ಬದಲಿಸಿ.

ಹಳೇಮನೆ: ಎಂಟು ವರ್ಷದ ಮೇಲಿನ ಪ್ರಿಂಟರ್ ಇದೆ, ಅದು ಹೊಸದರಲ್ಲಿ ನಡೆಯುತ್ತದಾ?

ಮಳೆಹನಿ: ಸರ್, ನೀವು ಕೇಳಿದ್ದು ನೋಡಿದೆ. ನೀಲಿ ಪರದೆ ಇಲ್ಲ, ಒಮ್ಮೆಲೇ ಕಪ್ಪು. ಲಾಗ್‌ನಲ್ಲಿ ಕರ್ನಲ್-ಪವರ್ 41 ಎಂದಿದೆ. ಬಗ್‌ಚೆಕ್‌ಕೋಡ್ 0. ನಿನ್ನೆ ಆಫ್ ಆದಾಗ ಡಬ್ಬಿಯ ಹತ್ತಿರ ಸ್ವಲ್ಪ ಸುಟ್ಟ ವಾಸನೆ ಬಂತು.

ತಂತ್ರಜ್ಞ: ಮೊದಲು ಗೋಡೆಯಿಂದ ಪ್ಲಗ್ ಕಿತ್ತುಬಿಡಿ. ಓದುವುದು ಆಮೇಲೆ.

41 ಎಂದರೆ ಕಂಪ್ಯೂಟರ್ ಸರಿಯಾಗಿ ಮುಚ್ಚದೆ ಮತ್ತೆ ಶುರುವಾಯಿತು ಎಂದಷ್ಟೇ. ಕಾರಣ ಅದರಲ್ಲಿ ಇರುವುದಿಲ್ಲ. ಆದರೆ ಕೋಡ್ 0, ಒಮ್ಮೆಲೇ ಕಪ್ಪು, ಸುಟ್ಟ ವಾಸನೆ, ಈ ಮೂರೂ ಸೇರಿದರೆ ನಾನು ವೈರಸ್ ಹುಡುಕುವುದಿಲ್ಲ. ವಿಂಡೋಸ್‌ಗೆ ಒಂದು ಸಾಲು ಬರೆದಿಡುವಷ್ಟೂ ಸಮಯ ಸಿಕ್ಕಿಲ್ಲ. ವಿದ್ಯುತ್ ದಾರಿಯಲ್ಲೇ ಏನೋ ಕೈಕೊಡುತ್ತಿದೆ.

ಬ್ರೌಸರ್‌ನಲ್ಲೇ ಯಾಕೆ? ಟೈಪ್ ಮಾಡುವಾಗ ಪ್ರೊಸೆಸರ್‌ಗೆ ಕೆಲಸವೇ ಇಲ್ಲ. ಸಿನಿಮಾ ಓಡುವಾಗ ಹೆಚ್ಚಿನ ಹೊರೆ ಗ್ರಾಫಿಕ್ಸ್ ಚಿಪ್ ಹೊರುತ್ತದೆ, ಅದೂ ಒಂದೇ ಸಮ. ಬ್ರೌಸರ್ ಹಾಗಲ್ಲ. ಪುಟ ತೆರೆದ ಕೂಡಲೇ ಪ್ರೊಸೆಸರ್‌ನ ಎಲ್ಲ ಕೋರ್‌ಗಳೂ ಒಟ್ಟಿಗೆ ಎದ್ದು ದುಡಿಯುತ್ತವೆ, ಮರುಕ್ಷಣ ಮಲಗುತ್ತವೆ, ಮತ್ತೆ ಏಳುತ್ತವೆ. ಹೀಗೆ ಕರೆಂಟ್ ಒಮ್ಮೆಲೇ ಏರಿದಾಗ ದುರ್ಬಲವಾದ ಜಾಗ ಸೋಲುತ್ತದೆ. ಎಸ್‌ಎಂಪಿಎಸ್, ಅಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರ್‌ಗೆ ಬೇಕಾದ ಹಾಗೆ ಇಳಿಸಿಕೊಡುವ ಡಬ್ಬಿ, ಅದು ಕೊಡುವ 12 ವೋಲ್ಟ್ 11.4ಕ್ಕಿಂತ ಕೆಳಗೆ ಇಳಿಯಬಾರದು.

ಹತ್ತು ನಿಮಿಷ ಬಿಟ್ಟು ಪಕ್ಕದ ಮುಚ್ಚಳ ತೆಗೆಯಿರಿ. ಟಾರ್ಚ್ ಹಿಡಿದು ಪ್ರೊಸೆಸರ್ ಸುತ್ತಲಿನ ಪುಟ್ಟ ಡಬ್ಬಿಗಳನ್ನು, ಅಂದರೆ ಕೆಪಾಸಿಟರ್‌ಗಳನ್ನು ನೋಡಿ. ತಲೆ ಚಪ್ಪಟೆಯಾಗಿರಬೇಕು. ಉಬ್ಬಿದ್ದರೆ, ಕಂದು ಕಲೆ ಇದ್ದರೆ ಹೇಳಿ. ಪ್ರೊಸೆಸರ್ ಪಕ್ಕಕ್ಕೆ ಹೋಗುವ ನಾಲ್ಕು ಅಥವಾ ಎಂಟು ಪಿನ್‌ನ ಕನೆಕ್ಟರ್ ಕೂಡ ನೋಡಿ. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗೆ 300 ವೋಲ್ಟ್‌ಗೂ ಜಾಸ್ತಿ ಉಳಿದಿರಬಹುದು.

ರಾತ್ರಿಗೂಬೆ: ಇಷ್ಟೆಲ್ಲ ಬೇಕಾ? ರ‍್ಯಾಮ್ ಜಾಸ್ತಿ ಹಾಕಿದರೆ ಸರಿಹೋಗುತ್ತದೆ. ನನ್ನದು ಹಾಗೇ ಸರಿಯಾಯಿತು.

ಕೀಲಿಮಣೆ: ರ‍್ಯಾಮ್ ಕಡಿಮೆ ಇದ್ದರೆ ನಿಧಾನ ಆಗುತ್ತದೆ, ಟ್ಯಾಬ್ ಬೀಳುತ್ತದೆ. ಸುಟ್ಟ ವಾಸನೆ ಬರುತ್ತದಾ?

ರಾತ್ರಿಗೂಬೆ: ನಿಮ್ಮ ಬ್ರೌಸರ್ ಮೊದಲು ಸರಿಮಾಡಿಕೊಳ್ಳಿ. ಆಮೇಲೆ ಬೇರೆಯವರಿಗೆ ಪಾಠ ಹೇಳಿ.

ಕೀಲಿಮಣೆ: ಸಿಸ್ಟಮ್32 ಅಳಿಸಿ ಎಂದವರು ನೀವು. ಯಾರಾದರೂ ಕೇಳಿಬಿಟ್ಟಿದ್ದರೆ?

ರಾತ್ರಿಗೂಬೆ: ಒಳ್ಳೆಯದಾಗಲಿ ಎಂದೇ ಹಾಕಿದ್ದು. ಇನ್ನು ಏನೂ ಹಾಕುವುದಿಲ್ಲ ಬಿಡಿ.

ತಂತ್ರಜ್ಞ: ಇಬ್ಬರೂ ಸುಮ್ಮನಿರಿ. ಅವರ ಮನೆಯಲ್ಲಿ ಬೆಂಕಿ ಹತ್ತಬಾರದು ಎಂದು ನಾನು ಇಲ್ಲಿ ಕೂತಿದ್ದೇನೆ.

ಬೆಳ್ಳಿಚುಕ್ಕಿ: ಸರ್, ನನ್ನ ಕಂಪ್ಯೂಟರೂ ಬ್ರೌಸ್ ಮಾಡುವಾಗ ಆಫ್ ಆಗುತ್ತದೆ, ಏನು ಮಾಡಲಿ?

ತಂತ್ರಜ್ಞ: ಮೇಲೆ ಬರೆದಿದ್ದೇನೆ. ಓದಿ.

ಮಳೆಹನಿ: ನೋಡಿದೆ ಸರ್. ಕೆಪಾಸಿಟರ್ ಎಲ್ಲ ಚಪ್ಪಟೆಯಾಗೇ ಇವೆ. ಆದರೆ ಆ ನಾಲ್ಕು ಪಿನ್‌ನ ಕನೆಕ್ಟರ್‌ನ ಒಂದು ಮೂಲೆ ಕಂದು ಬಣ್ಣಕ್ಕೆ ತಿರುಗಿದೆ. ಹಳದಿ ವೈರ್‌ನ ಬುಡದಲ್ಲಿ ಪ್ಲಾಸ್ಟಿಕ್ ಮೆತ್ತಗಾಗಿ ಬೋರ್ಡಿಗೆ ಅಂಟಿಕೊಂಡಿದೆ. ಎಳೆದರೆ ಬರುತ್ತಿಲ್ಲ.

ತಂತ್ರಜ್ಞ: ಎಳೆಯಬೇಡಿ, ಬಿಟ್ಟುಬಿಡಿ. ಸಿಕ್ಕಿತು. ಪ್ರೊಸೆಸರ್‌ನ ಕರೆಂಟ್ ಹೋಗುವ ದಾರಿಯೇ ಅದು. ಒಳಗಿನ ಪಿನ್ ಸಡಿಲವಾದರೆ ಅಲ್ಲಿ ತಡೆ ಹೆಚ್ಚುತ್ತದೆ, ಬಿಸಿಯಾಗುತ್ತದೆ. ಕರೆಂಟ್ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು. ಬಿಸಿಯಾದಷ್ಟೂ ಪಿನ್ ಇನ್ನೂ ಸಡಿಲ. ಸಿನಿಮಾಗೆ ತಡೆದುಕೊಂಡಿತು, ಬ್ರೌಸರ್‌ಗೆ ಆಗಲಿಲ್ಲ.

ಎಸ್‌ಎಂಪಿಎಸ್ ಮಾತ್ರ ಬದಲಿಸಿದರೆ ಸಾಲದು. ಸುಟ್ಟ ಸಾಕೆಟ್‌ಗೆ ಹೊಸ ಕನೆಕ್ಟರ್ ಹಾಕಿದರೆ ಅದೂ ಸುಡುತ್ತದೆ. ಬೋರ್ಡ್ ಮೇಲಿನ ಸಾಕೆಟ್ ಬದಲಿಸಬೇಕು. ಬೆಸುಗೆ ಗೊತ್ತಿರುವವರ ಹತ್ತಿರ ಹೋಗಿ, ಈ ಕಂದು ಮೂಲೆಯನ್ನೇ ತೋರಿಸಿ. ಇಲ್ಲದಿದ್ದರೆ ಅವರೂ ವಿಂಡೋಸ್ ಹಾಕಿ ಕಳಿಸುತ್ತಾರೆ.

ಮಳೆಹನಿ: ಮಗಳ ನೋಟ್ಸ್ ಎಲ್ಲ ಅದರಲ್ಲೇ ಇದೆ ಸರ್. ಒಂದೇ ಒಂದು ಸಲ ಆನ್ ಮಾಡಿ ಕಾಪಿ ಮಾಡಿಕೊಳ್ಳಲಾ?

ತಂತ್ರಜ್ಞ: ಬೇಡ. ಒಂದು ಸಲವೂ ಬೇಡ. ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರ್‌ಗೆ ಯುಎಸ್‌ಬಿ ಅಡಾಪ್ಟರ್‌ನಿಂದ ಜೋಡಿಸಿ. ಡಿಸ್ಕ್‌ಗೆ ಏನೂ ಆಗಿರುವ ಹಾಗೆ ಕಾಣುತ್ತಿಲ್ಲ.

ಮಳೆಹನಿ: ಸರಿ ಸರ್. ಪ್ಲಗ್ ಕಿತ್ತು ವೈರ್ ಸುತ್ತಿಟ್ಟಿದ್ದೇನೆ. ಮಗಳಿಗೂ ಹೇಳಿದ್ದೇನೆ.

ಬೆಳ್ಳಿಚುಕ್ಕಿ: ಓದಿದೆ ಸರ್. ನನ್ನದು ಲ್ಯಾಪ್‌ಟಾಪ್. ಅದರಲ್ಲಿ ಆ ಕನೆಕ್ಟರ್ ಎಲ್ಲಿರುತ್ತದೆ?

ಹಳೇಮನೆ: ಪ್ರಿಂಟರ್ ವಿಷಯ ಯಾರಾದರೂ ಹೇಳುತ್ತೀರಾ?