ಪ್ರಿಆಂಪ್ ಹಮ್‌ಗೆ ಮ್ಯೂ-ಮೆಟಲ್ ಬೇಕೇ ಬೇಕಾ?

ಪ್ರಶ್ನೆ: ನಾನೇ ಕಟ್ಟಿದ ಫೋನೊ ಪ್ರಿಆಂಪ್‌ನಲ್ಲಿ (ರೆಕಾರ್ಡ್ ಪ್ಲೇಯರಿನ ಸಣ್ಣ ಸಿಗ್ನಲ್ ಹೆಚ್ಚಿಸುವ ಸರ್ಕ್ಯೂಟ್) ಗುಂಯ್ ಅನ್ನುವ ಸದ್ದು, ಅಂದರೆ ಹಮ್, ಹೋಗುತ್ತಿಲ್ಲ. ಟ್ರಾನ್ಸ್‌ಫಾರ್ಮರ್ ಅದೇ ಡಬ್ಬಿಯೊಳಗಿದೆ. ಬೋರ್ಡಿನ ಸುತ್ತ ತೆಳು ತಾಮ್ರದ ತಗಡು ಹಾಕಿ ಅರ್ತ್ ಕೊಟ್ಟೆ, ಏನೂ ಕಡಿಮೆಯಾಗಲಿಲ್ಲ. ಕಾಂತಕ್ಷೇತ್ರ ತಡೆಯುವ ಮಿಶ್ರಲೋಹ ಮ್ಯೂ-ಮೆಟಲ್ ತರಿಸಲೇಬೇಕಾ? ಬಳಸಿದವರು ಹೇಳಿ.

ಆಡಿಯೊ ರಿಪೇರಿ ಮಾಡುವವರೊಬ್ಬರು: ತಾಮ್ರ ಇಲ್ಲಿ ಕೆಲಸಕ್ಕೆ ಬರುವುದಿಲ್ಲ ಸರ್. ಅದು ಕಾಂತಕ್ಷೇತ್ರವನ್ನು ತಡೆಯುವುದು ತನ್ನೊಳಗೆ ಹುಟ್ಟುವ ಎಡ್ಡಿ ಕರೆಂಟಿನಿಂದ (ಸುಳಿಯಂತೆ ಸುತ್ತುವ ಕರೆಂಟು). ಮನೆ ಕರೆಂಟಿನ 50 ಹರ್ಟ್ಸ್‌ನಲ್ಲಿ ತಾಮ್ರದ ಸ್ಕಿನ್ ಡೆಪ್ತ್, ಅಂದರೆ ಕ್ಷೇತ್ರ ಚೆನ್ನಾಗಿ ಕುಗ್ಗಲು ಬೇಕಾದ ದಪ್ಪ, ಸುಮಾರು 9 ಮಿ.ಮೀ. ತೆಳು ತಗಡು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. 100 ಕಿಲೋಹರ್ಟ್ಸ್‌ನಲ್ಲಿ ಅದು 0.2 ಮಿ.ಮೀ. ಆಸುಪಾಸು. ಸ್ವಿಚಿಂಗ್ ಸಪ್ಲೈ (ಇಂಥ ಹೆಚ್ಚಿನ ಫ್ರೀಕ್ವೆನ್ಸಿಯಲ್ಲಿ ಕೆಲಸ ಮಾಡುವ ಪವರ್ ಸಪ್ಲೈ) ಗಲಾಟೆಯಾಗಿದ್ದರೆ ಇದೇ ತಗಡು ಚೆನ್ನಾಗಿ ತಡೆಯುತ್ತಿತ್ತು.

ದುಡ್ಡು ಸುರಿಯುವ ಮೊದಲು ಟ್ರಾನ್ಸ್‌ಫಾರ್ಮರನ್ನು ತಿರುಗಿಸಿ ನೋಡಿ. ಪವರ್ ತೆಗೆದು ಸ್ಕ್ರೂ ಸಡಿಲಿಸಿ, ಸ್ವಲ್ಪ ತಿರುಗಿಸಿ, ಮತ್ತೆ ಆನ್ ಮಾಡಿ ಹೆಡ್‌ಫೋನಿನಲ್ಲಿ ಕೇಳಿ. ಯಾವುದೋ ಒಂದು ಕೋನದಲ್ಲಿ ಸದ್ದು ಸಟ್ಟನೆ ಇಳಿಯುತ್ತದೆ. ವೈರ್ ಉದ್ದ ಮಾಡಿ ದೂರ ಇಟ್ಟರೆ ಇನ್ನೂ ಒಳ್ಳೆಯದು. ದೂರ ಎರಡರಷ್ಟಾದರೆ ಕ್ಷೇತ್ರ ಹೆಚ್ಚುಕಡಿಮೆ ಎಂಟನೇ ಒಂದು ಪಾಲಿಗೆ ಬರುತ್ತದೆ. ಇಷ್ಟು ಅಗ್ಗದ ಶೀಲ್ಡ್ ಬೇರೆ ಇಲ್ಲ.

ಲ್ಯಾಬ್ ಉಪಕರಣಗಳ ಕೆಲಸದವರು: ಮ್ಯೂ-ಮೆಟಲ್ ಒಳ್ಳೆಯ ಸಾಮಾನು, ಆದರೆ ಬಲು ನಾಜೂಕು. ಮುಕ್ಕಾಲು ಪಾಲಿಗಿಂತ ಜಾಸ್ತಿ ನಿಕ್ಕಲ್, ಉಳಿದದ್ದರಲ್ಲಿ ಹೆಚ್ಚಿನದು ಕಬ್ಬಿಣ. ಬಗ್ಗಿಸಿದರೆ, ತೂತು ಕೊರೆದರೆ, ಕೆಳಗೆ ಬೀಳಿಸಿದರೂ ಅದರ ಗುಣ ಕುಗ್ಗುತ್ತದೆ. ಮತ್ತೆ ಬರಬೇಕಾದರೆ ಹೈಡ್ರೋಜನ್ ತುಂಬಿದ ಕುಲುಮೆಯಲ್ಲಿ 1000 ಡಿಗ್ರಿಗಿಂತ ಮೇಲೆ ಕಾಯಿಸಬೇಕು. ಮನೆಯಲ್ಲಿ ಆಗುವ ಮಾತಾ? ಹಾಗಾಗಿ ಶೀಟ್ ತಂದು ಕತ್ತರಿಸುವ ಬದಲು, ಆಕಾರ ಕೊಟ್ಟ ಮೇಲೆ ಹೀಗೆ ಕಾಯಿಸಿದ (ಅನೀಲ್ ಮಾಡಿದ) ಡಬ್ಬಿಯನ್ನೇ ಕೊಳ್ಳಿ.

ಇನ್ನೊಂದು, ಅದನ್ನು ಟ್ರಾನ್ಸ್‌ಫಾರ್ಮರಿಗೇ ಸುತ್ತಬೇಡಿ. ಸುಮಾರು 0.8 ಟೆಸ್ಲಾಗೆ (ಕಾಂತಕ್ಷೇತ್ರದ ಅಳತೆ) ಅದು ಸ್ಯಾಚುರೇಟ್ ಆಗುತ್ತದೆ, ಅಂದರೆ ಅದಕ್ಕಿಂತ ಹೆಚ್ಚು ಹಿಡಿಯಲಾರದು. ಮೆದು ಉಕ್ಕು 2 ಟೆಸ್ಲಾವರೆಗೂ ತಡೆದುಕೊಳ್ಳುತ್ತದೆ. ಟ್ರಾನ್ಸ್‌ಫಾರ್ಮರ್ ಕಡೆ ಉಕ್ಕಿನ ತಗಡು, ಇನ್‌ಪುಟ್ ಭಾಗಕ್ಕೆ ಮ್ಯೂ-ಮೆಟಲ್. ಅಂಚುಗಳು ಒಂದರ ಮೇಲೊಂದು ಕೂರಲಿ, ಸಂದು ಬಿಟ್ಟರೆ ಅಲ್ಲೇ ಸೋರುತ್ತದೆ.

ಮತ್ತೊಬ್ಬರು: ಕಾಂತಕ್ಷೇತ್ರದ್ದೇ ತೊಂದರೆ ಅಂತ ಖಾತ್ರಿ ಆಗಿದೆಯಾ? ಬೋರ್ಡಿಗೆ ಬ್ಯಾಟರಿ ಕೊಡಿ. ಟ್ರಾನ್ಸ್‌ಫಾರ್ಮರ್ ಅಲ್ಲೇ ಆನ್ ಇರಲಿ, ಅದರ ಔಟ್‌ಪುಟ್ ವೈರ್ ಮಾತ್ರ ಬಿಚ್ಚಿ, ತುದಿಗಳಿಗೆ ಟೇಪ್ ಸುತ್ತಿಡಿ. ಸದ್ದು ಹಾಗೇ ಇದ್ದರೆ ಮೇಲಿನವರು ಹೇಳಿದ್ದು ಸರಿ. ನಿಂತರೆ ಫಿಲ್ಟರ್ ಕೆಪಾಸಿಟರ್, ಗ್ರೌಂಡ್ ವೈರಿಂಗ್ ನೋಡಿ. ಅದಕ್ಕೆ ಯಾವ ತಗಡೂ ಮದ್ದಲ್ಲ.