ಅಮ್ಮನ ಜೊತೆ ದೂರದ ವಿಮಾನ: ತಿಂಡಿ, ನೀರು ಎಲ್ಲಿ ಕೊಳ್ಳಲಿ?

ಪ್ರಶ್ನೆ: ಮುಂದಿನ ತಿಂಗಳು ಅಮ್ಮನನ್ನು ಕರೆದುಕೊಂಡು ಬೆಂಗಳೂರಿನಿಂದ ಅಬುಧಾಬಿ ಮೇಲೆ ಶಿಕಾಗೋಗೆ ಹೊರಟಿದ್ದೇನೆ. ಅವರಿಗೆ 68 ವರ್ಷ, ಶುಗರ್ ಇದೆ, ಹೊತ್ತಿಗೆ ಸರಿಯಾಗಿ ಏನಾದರೂ ಹೊಟ್ಟೆಗೆ ಬೀಳಲೇಬೇಕು. ತಿಂಡಿ ಮನೆಯಿಂದಲೇ ಕಟ್ಟಿಕೊಳ್ಳಲೋ, ಏರ್‌ಪೋರ್ಟ್‌ನಲ್ಲಿ ಕೊಳ್ಳಲೋ? ನೀರಿಗೆ ಏನು ಮಾಡಲಿ? ಹೋಗಿಬಂದವರು ದಯವಿಟ್ಟು ತಿಳಿಸಿ.

ಉತ್ತರ 1: ಇದೇ ದಾರಿಯಲ್ಲಿ ನಮ್ಮ ಅತ್ತೆಯವರನ್ನು ಕರೆದುಕೊಂಡು ಹೋಗಿದ್ದೆ, ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ. ತಿಂಡಿ ಮನೆಯಿಂದ ಕಟ್ಟಿಕೊಳ್ಳಿ, ನೀರು ಮಾತ್ರ ಬೇಡ. ಮೆಂತ್ಯ ಚಪಾತಿ, ಒಗ್ಗರಣೆ ಹಾಕಿದ ಗಟ್ಟಿ ಅವಲಕ್ಕಿ, ಹುರಿಗಡಲೆ ಇಂಥ ಒಣ ಪದಾರ್ಥಕ್ಕೆ ತೊಂದರೆಯಿಲ್ಲ. ಮೊಸರು, ಚಟ್ನಿ, ಸಾಂಬಾರ್ ದ್ರವದ ಲೆಕ್ಕಕ್ಕೆ ಬರುತ್ತವೆ, ಅಂತರರಾಷ್ಟ್ರೀಯ ವಿಮಾನದ ಕೈಚೀಲದಲ್ಲಿ 100 ಮಿಲಿ ದಾಟುವ ಹಾಗಿಲ್ಲ. ಖಾಲಿ ಬಾಟಲಿ ಒಯ್ಯಿರಿ, ಸೆಕ್ಯೂರಿಟಿ ದಾಟಿದ ಮೇಲೆ ಒಳಗೆ ಕುಡಿಯುವ ನೀರು ತುಂಬಿಸಿಕೊಳ್ಳಬಹುದು.

ಮುಖ್ಯವಾದ ಮಾತು ಅಬುಧಾಬಿಯದು. ಅಮೆರಿಕದ ಇಮಿಗ್ರೇಷನ್, ಕಸ್ಟಮ್ಸ್ ಎರಡೂ ಅಲ್ಲೇ ಮುಗಿಯುತ್ತವೆ. 2014ರಿಂದ ಈ ವ್ಯವಸ್ಥೆ ಇದೆ. ಅದಕ್ಕಾಗಿ ಇನ್ನೊಂದು ಸುತ್ತು ತಪಾಸಣೆ ಆಗುತ್ತದೆ, ಬೆಂಗಳೂರಿನಲ್ಲಿ ಕೊಂಡ ಜ್ಯೂಸ್, ತುಂಬಿಸಿದ ನೀರು ಅಲ್ಲಿಯ ತನಕ ಮಾತ್ರ ಅಂದುಕೊಳ್ಳಿ. ನಾನು ಇದು ಗೊತ್ತಿಲ್ಲದೆ ಊಟವನ್ನು ಕೊನೆಗೆ ಇಟ್ಟುಕೊಂಡಿದ್ದೆ. ಆ ತಪಾಸಣೆ ದಾಟಿದ ಮೇಲೆ ಅಂಗಡಿಗಳು ತುಂಬಾ ಕಡಿಮೆ, ಅತ್ತೆಯವರಿಗೆ ಬಿಸಿಯಾಗಿ ಏನೂ ಕೊಡಿಸಲಾಗದೆ ಬಹಳ ಸಂಕಟವಾಯಿತು. ನೀವು ಮೊದಲೇ ಅಮ್ಮನಿಗೆ ಊಟ ಮಾಡಿಸಿ, ಆಮೇಲೆ ಆ ಸಾಲಿಗೆ ನಿಲ್ಲಿ. ಬಾಳೆಹಣ್ಣು, ಸೇಬು ಉಳಿದಿದ್ದರೆ ಅಲ್ಲೇ ತಿಂದು ಮುಗಿಸಿ. ತಾಜಾ ಹಣ್ಣನ್ನು ಹೇಳದೆ ಒಯ್ದರೆ ದಂಡ ಬೀಳಬಹುದು.

ಉತ್ತರ 2: ಚಟ್ನಿಪುಡಿಯ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಅಮೆರಿಕಕ್ಕೆ ಹೋಗುವ ವಿಮಾನದ ಕೈಚೀಲದಲ್ಲಿ 350 ಮಿಲಿಗಿಂತ ಹೆಚ್ಚು ಪುಡಿ ಇದ್ದರೆ ಬಿಚ್ಚಿ ನೋಡುತ್ತಾರೆ, ಕೆಲವೊಮ್ಮೆ ಬಿಡುವುದಿಲ್ಲ. 2018ರಿಂದ ಈ ನಿಯಮ. ಮಗಳಿಗೆ, ಮೊಮ್ಮಕ್ಕಳಿಗೆ ಅಂತ ಕಟ್ಟಿದ ಸಾರಿನ ಪುಡಿ, ಹುಳಿಪುಡಿ ಎಲ್ಲ ದೊಡ್ಡ ಪೆಟ್ಟಿಗೆಗೆ ಹಾಕಿ. ಇಡೀ ಒಣಕೊಬ್ಬರಿ ಮಾತ್ರ ಆ ಪೆಟ್ಟಿಗೆಯಲ್ಲೂ ಬೇಡ. ಎಣ್ಣೆಯಂಶ ಹೆಚ್ಚಿರುವುದರಿಂದ ತಾನಾಗಿ ಹೊತ್ತಿಕೊಳ್ಳುವ ವಸ್ತುಗಳ ಪಟ್ಟಿಯಲ್ಲಿದೆ.

ಉತ್ತರ 3: ನಾನು ನರ್ಸ್. ಗೇಟಿನ ಹತ್ತಿರ ಸೋಡಾ, ಕೋಲಾ ಕೊಡಿಸಬೇಡಿ. ಹಾರುವಾಗ ಕ್ಯಾಬಿನ್ನಿನ ಒತ್ತಡ 6,000–8,000 ಅಡಿ ಎತ್ತರದ ಬೆಟ್ಟದ ಮೇಲಿದ್ದ ಹಾಗೆ ಇರುತ್ತದೆ. ಚಿಪ್ಸ್ ಪೊಟ್ಟಣ ಉಬ್ಬುವುದನ್ನು ನೋಡಿರುತ್ತೀರಿ, ಹೊಟ್ಟೆಯೊಳಗಿನ ಗಾಳಿಯೂ ಹಾಗೇ ಹಿಗ್ಗುತ್ತದೆ. ಒಳಗಿನ ಗಾಳಿ ಬಹಳ ಒಣ, ಗುಟುಕು ಗುಟುಕಾಗಿ ನೀರು ಕುಡಿಸುತ್ತಿರಿ. ಸಕ್ಕರೆ ಕೆಳಗಿಳಿದರೆ ಅಂತ ಜ್ಯೂಸ್ ನಂಬಿಕೊಳ್ಳಬೇಡಿ, ಗ್ಲೂಕೋಸ್ ಮಾತ್ರೆ ಅವರ ಕೈಗೆಟುಕುವಲ್ಲಿ ಇರಲಿ. ಇನ್ಸುಲಿನ್ ಇದ್ದರೆ ಡಾಕ್ಟರ ಚೀಟಿ ಸಮೇತ ಕೈಚೀಲದಲ್ಲೇ. ಡಯಾಬಿಟಿಕ್ ಊಟವನ್ನು ಟಿಕೆಟ್ ಮಾಡಿಸುವಾಗಲೇ ಹೇಳಿಬಿಡಿ, ಕೊನೇ ದಿನ ಕೇಳಿದರೆ ಸಿಗುವುದಿಲ್ಲ.

ಉತ್ತರ 4: ಬೆಂಗಳೂರಿನಲ್ಲಿ ಅಂತರರಾಷ್ಟ್ರೀಯ ವಿಮಾನಗಳು 2023ರ ಸೆಪ್ಟೆಂಬರ್‌ನಿಂದ ಟರ್ಮಿನಲ್ 2ಕ್ಕೆ ಬಂದಿವೆ. ಅಮ್ಮನಿಗೆ ವೀಲ್‌ಚೇರ್ ಹೇಳಿದ್ದರೆ, ಸಹಾಯಕರಿಗೆ ಮೊದಲೇ ತಿಳಿಸಿ ದಾರಿಯಲ್ಲೇ ಒಂದು ಕಾಫಿ ಕುಡಿಸಿಕೊಂಡು ಹೋಗಿ. ಗೇಟ್ ಮುಟ್ಟಿದ ಮೇಲೆ ಮತ್ತೆ ಅಂಗಡಿ ಕಡೆ ನಡೆಸುವುದು ಅವರಿಗೆ ಕಷ್ಟ.

ಕೇಳಿದವರು: ತುಂಬಾ ಉಪಕಾರವಾಯಿತು. ಒಣಕೊಬ್ಬರಿ ಆಗಲೇ ಕಟ್ಟಿಟ್ಟಿದ್ದರು, ಈಗಷ್ಟೇ ತೆಗೆಸಿದೆ. ಎರಡು ಖಾಲಿ ಸ್ಟೀಲ್ ಬಾಟಲಿ ಎತ್ತಿಟ್ಟಿದ್ದೇನೆ.