ಸರ್ವೀಸಿನ್ಯಾಗ ರಿಕ್ವೆಸ್ಟ್ ಸ್ಕೋಪ್ ಬೀನ್ ಹಾಕಿದ್ರ ಆ್ಯಪ್ ಏಳವಲ್ದು

ಹುಬ್ಬಳ್ಳಿ ಹುಡುಗ:
ನಮಸ್ಕಾರ್ರಿ, ಜಾವಾದಾಗ ವೆಬ್ ಆ್ಯಪ್ ಕಟ್ಟೋ ಸ್ಪ್ರಿಂಗ್ ಬೂಟ್ ಕಲಿಯಾಕತ್ತೀನಿ. ಲಾಗಿನ್ ಆದ ಯೂಸರ್ ಮಾಹಿತಿ ಇಡಾಕ ಒಂದ್ ಬೀನ್ (ಸ್ಪ್ರಿಂಗ್ ತಾನ ಹುಟ್ಟಿಸಿ ಕೊಡೋ ಆಬ್ಜೆಕ್ಟ್) ಮಾಡಿ, ಸ್ಕೋಪ್ ಅನ್ನೋ ಅನೊಟೇಶನ್‌ನ್ಯಾಗ ರಿಕ್ವೆಸ್ಟ್ (ಅಂದ್ರ ಪ್ರತಿ ವೆಬ್ ರಿಕ್ವೆಸ್ಟ್‌ಗೊಂದು ಹೊಸಾ ಬೀನ್) ಅಂತ ಬರದು ಸರ್ವೀಸಿನ ಕನ್‌ಸ್ಟ್ರಕ್ಟರ್‌ಗೆ ಕೊಟ್ಟೀನಿ, ಆ್ಯಪ್ ಸ್ಟಾರ್ಟ್ ಆಗೂಮುಂದನ ಈ ಥ್ರೆಡ್‌ಗೆ ರಿಕ್ವೆಸ್ಟ್ ಸ್ಕೋಪ್ ಆ್ಯಕ್ಟಿವ್ ಇಲ್ಲ ಅಂತ ಎರರ್ ಹೊಡಿತೈತಿ. ನಿನ್ನೆಯಿಂದ ತಲಿ ಕೆಟ್ಟೈತ್ರಿ.

ಧಾರವಾಡದಾಂವ:
ತಮ್ಮಾ, ಸರ್ವೀಸ್ ಸಿಂಗಲ್‌ಟನ್, ಆ್ಯಪ್ ಏಳೂಮುಂದ ಒಮ್ಮೆ ಹುಟ್ಟತೈತಿ, ಆವಾಗ ರಿಕ್ವೆಸ್ಟ್ ಎಲ್ಲೈತಿ? ಖಾನಾವಳ್ಯಾಗ ರೊಟ್ಟಿ ಬಡಿಯೋ ಅಕ್ಕ ಒಬ್ಬಾಕಿನ, ತಾಟು ಗಿರಾಕಿಗೊಂದು, ಮುಂಜಾನೆ ಬಾಗಲಾ ತೆಗಿಯೂಮುಂದನ ಗಿರಾಕಿ ತಾಟು ಕೊಡು ಅಂದ್ರ ಆಕಿ ಎಲ್ಲಿಂದ ತರಬೇಕು. ಸ್ಕೋಪ್ ಅನೊಟೇಶನ್‌ನ್ಯಾಗ ಪ್ರಾಕ್ಸಿ ಮೋಡ್ ಟಾರ್ಗೆಟ್ ಕ್ಲಾಸ್ ಅಂತ ಹಾಕು, ಆವಾಗ ಸರ್ವೀಸಿಗೆ ಪ್ರಾಕ್ಸಿ ಅನ್ನೋ ಬದಲಿ ಆಬ್ಜೆಕ್ಟ್ ಸಿಗತೈತಿ, ರಿಕ್ವೆಸ್ಟ್ ಬಂದಾಗ ಅದು ಖರೇ ಬೀನ್ ಹುಡುಕತೈತಿ, ಇಲ್ಲಾಂದ್ರ ಸೀದಾ ರಿಕ್ವೆಸ್ಟ್‌ಸ್ಕೋಪ್ ಅನ್ನೋ ಅನೊಟೇಶನ್ನ ಬಳಸು, ಅದರಾಗ ಪ್ರಾಕ್ಸಿ ಮೊದಲ ಇರತೈತಿ. ಬೀನಿನ ಕ್ಲಾಸ್ ಫೈನಲ್ ಇರಬಾರದು ಮತ್ತ, ಪ್ರಾಕ್ಸಿ ಅದರ ಸಬ್‌ಕ್ಲಾಸ್ ಆಗಿರತೈತಿ.

ಗದಗ ಕೋಡರ್:
ನನಗ ಪ್ರಾಕ್ಸಿ ಸೇರಂಗಿಲ್ಲ, ಕಣ್ಣಿಗೆ ಕಾಣದ ಜಾದೂ ಅದು. ಆಬ್ಜೆಕ್ಟ್‌ಪ್ರೊವೈಡರ್ ಇಂಜೆಕ್ಟ್ ಮಾಡಿ ಬೇಕಾದಾಗ ಅದರಿಂದ ಬೀನ್ ಕೇಳಿ ತಗೋರಿ. ಇನ್ನೊಂದು, ಅಸಿಂಕ್ (ಬ್ಯಾರೆ ಥ್ರೆಡ್‌ನ್ಯಾಗ ಓಡೋ) ಮೆಥಡ್‌ನ್ಯಾಗ ಈ ಬೀನ್ ಮುಟ್ಟಬ್ಯಾಡ್ರಿ, ರಿಕ್ವೆಸ್ಟ್ ಥ್ರೆಡ್‌ಲೋಕಲ್‌ನ್ಯಾಗ ಇರತೈತಿ, ಬ್ಯಾರೆ ಥ್ರೆಡ್‌ಗೆ ಸಿಗಂಗಿಲ್ಲ, ಯೂಸರ್ ಐಡಿ ಪ್ಯಾರಾಮೀಟರ್ ಆಗಿ ಕಳಸ್ರಿ.

ಹುಬ್ಬಳ್ಳಿ ಹುಡುಗ:
ಅನೊಟೇಶನ್ ಬದಲ್ ಮಾಡಿದ್ ಕೂಡ್ಲೆ ಎದ್ದತ್ರಿ! ಆದ್ರ ಮೇಲ್ ಕಳಸೂದು ಅಸಿಂಕ್‌ನ್ಯಾಗನ ಐತಿ, ಈಗ ಅದನ್ನ ತಿದ್ದಾಕ ಕುಂತೀನಿ.